ಸರ್ಕಾರವೇ ಬೇಡ ಎನ್ನುವ ಗೆಳೆಯರಿಗೆ, ಟ್ಯಾಂಕರ್ ನೀರು ಕುಡಿದವನ ಪತ್ರ

ಪ್ರಿಯ ಗೆಳೆಯರೇ,

ಹೋದ ತಿಂಗಳು ನಿಮ್ಮಲ್ಲಿ ನಾಲ್ವರು ನಮ್ಮ ಮನೆಗೆ ಬಂದಿದ್ದಿರಿ. ಅಕ್ಕನ ಮಗನ ಸ್ನೇಹಿತರು ಅಂತ ಪರಿಚಯ ಆಯಿತು. ಚಿತ್ರಾನ್ನ ಮುಗಿದು ಕಾಫಿ ಬರುವ ಹೊತ್ತಿಗೆ ಮಾತು ತೆರಿಗೆಯ ಕಡೆ ಹೊರಳಿತು. ಅಲ್ಲಿಂದ ಸರ್ಕಾರದ ಕಡೆ. ಆಮೇಲೆ ನಿಮ್ಮಲ್ಲೊಬ್ಬರು ನನ್ನನ್ನೇ ನೋಡಿ ಕೇಳಿದಿರಿ: "ಮಾವ, ನಿಮಗೆ ಸರ್ಕಾರ ಏನು ಕೊಟ್ಟಿದೆ ಹೇಳಿ? ನೀರು ಟ್ಯಾಂಕರಿಂದು. ಕರೆಂಟು ಹೋದರೆ ನಿಮ್ಮದೇ ಜನರೇಟರ್. ಗೇಟಿಗೆ ನಿಮ್ಮದೇ ಸೆಕ್ಯೂರಿಟಿ. ಮಕ್ಕಳು ಓದಿದ್ದು ಪ್ರೈವೇಟ್ ಸ್ಕೂಲಲ್ಲಿ. ಆಸ್ಪತ್ರೆಯೂ ಪ್ರೈವೇಟೇ. ನೀವು ಆಗಲೇ ಸರ್ಕಾರ ಇಲ್ಲದ ಊರಲ್ಲೇ ಇದ್ದೀರಿ. ಸುಮ್ನೆ ತೆರಿಗೆ ಕಟ್ಟುತ್ತಿದ್ದೀರಿ ಅಷ್ಟೇ."

ಎಲ್ಲರೂ ನಕ್ಕೆವು. ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ನಮ್ಮ ಅಕ್ಕನ ಮಗ ಇನ್ನೊಂದು ರೌಂಡ್ ಕಾಫಿ ತಂದ, ನೀವು ಹೊರಟಿರಿ. ಆದರೆ ಆ ಮಾತು ನನ್ನ ತಲೆಯಿಂದ ಹೋಗಲಿಲ್ಲ. ಹೀಗೆ ಯೋಚಿಸುವವರು ಈಗ ಜಾಸ್ತಿಯಾಗುತ್ತಿದ್ದಾರೆ. ಅದಕ್ಕೇ ಉತ್ತರವನ್ನು ನಿಮ್ಮ ನಾಲ್ವರಿಗೆ ಮಾತ್ರ ಕಳಿಸದೆ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ.

ಮೊದಲು ಒಪ್ಪಿಕೊಳ್ಳುತ್ತೇನೆ. ನೀವು ಹೇಳಿದ್ದು ನಿಜ. ವರ್ತೂರು ಕಡೆಯ ಈ ಬಡಾವಣೆಗೆ ನಾನು ಬಂದು ಹದಿನಾಲ್ಕು ವರ್ಷ ಆಯಿತು. 2007ರಲ್ಲಿ 110 ಹಳ್ಳಿಗಳನ್ನು ಬೆಂಗಳೂರಿಗೆ ಸೇರಿಸಿದರಲ್ಲ, ಅದರಲ್ಲಿ ನಮ್ಮದೂ ಒಂದು. ಕಾಗದದಲ್ಲಿ ಸೇರಿದೆವು, ಕೊಳವೆಯಲ್ಲಿ ಸೇರಲಿಲ್ಲ. ಕಾವೇರಿ ನೀರು ಬರಲಿಲ್ಲ. ಹಾಗಾಗಿ ನೀವು ಪುಸ್ತಕದಲ್ಲಿ ಓದಿದ, ಸರ್ಕಾರ ಇಲ್ಲದ ಊರಿನಲ್ಲಿ, ನೀರಿನ ಮಟ್ಟಿಗಾದರೂ, ನಾನು ಇಷ್ಟು ವರ್ಷ ಬದುಕಿದ್ದೇನೆ. ಕೊಳ್ಳುವವನು, ಮಾರುವವನು, ನಡುವೆ ಯಾರೂ ಇಲ್ಲ. ಅಲ್ಲಿ ಏನೇನಾಯಿತು ಅಂತ ಹೇಳುತ್ತೇನೆ ಕೇಳಿ.

ನಮ್ಮದು ಇಪ್ಪತ್ನಾಲ್ಕು ಮನೆಯ ಚಿಕ್ಕ ಅಪಾರ್ಟ್‌ಮೆಂಟು. ಬೋರ್‌ವೆಲ್ ಮೂರನೇ ವರ್ಷಕ್ಕೇ ಕೈಕೊಟ್ಟಿತು. ಇನ್ನೊಂದು ಕೊರೆಸಿದೆವು, ಸಾವಿರದ ಇನ್ನೂರು ಅಡಿ ಹೋದರೂ ಬಂದಿದ್ದು ಧೂಳು. ಆಮೇಲೆ ದಿನಕ್ಕೆ ಎರಡು ಲೋಡ್ ಟ್ಯಾಂಕರ್ ನೀರು. ತರುತ್ತಿದ್ದವರನ್ನು ನಾವೆಲ್ಲ ಅಣ್ಣ ಅಂತಲೇ ಕರೆಯುವುದು. ಹೆಸರು ಬೇಡ. ಮೊದಲ ಕೆಲವು ವರ್ಷ ಒಂದು ದೂರೂ ಇರಲಿಲ್ಲ. ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದರೂ ಗಾಡಿ ಬರುತ್ತಿತ್ತು. ಹಬ್ಬಕ್ಕೆ ಸ್ವೀಟ್ ಬಾಕ್ಸ್ ಕಳಿಸುತ್ತಿದ್ದರು. ಸರ್ಕಾರಿ ಕಚೇರಿಯಲ್ಲಿ ಇಂಥ ಸೇವೆ ಕಂಡಿದ್ದೀರಾ? ನಾನಂತೂ ಇಲ್ಲ.

ತೊಂದರೆ ಶುರುವಾಗಿದ್ದು 2024ರ ಫೆಬ್ರವರಿಯಲ್ಲಿ. ಹಿಂದಿನ ವರ್ಷ ಮಳೆ ಕೈಕೊಟ್ಟಿತ್ತು. ನಗರದ ಸುಮಾರು 14,000 ಸರ್ಕಾರಿ ಬೋರ್‌ವೆಲ್‌ಗಳಲ್ಲಿ 6,900 ಬತ್ತಿವೆ ಅಂತ ಉಪಮುಖ್ಯಮಂತ್ರಿಗಳೇ ಹೇಳಿದರು. ಅವರ ಮನೆಯ ಬೋರ್‌ವೆಲ್ಲೂ ಬತ್ತಿತ್ತಂತೆ. ನಮ್ಮ ಆರು ಸಾವಿರ ಲೀಟರಿನ ಲೋಡು ಜನವರಿಯಲ್ಲಿ ಏಳುನೂರು ರೂಪಾಯಿ ಇದ್ದದ್ದು ಮಾರ್ಚಿಗೆ ಸಾವಿರದ ಎಂಟುನೂರು ಆಯಿತು. ಬೆಲೆ ಏರಿದ್ದಕ್ಕೆ ನನ್ನ ಜಗಳ ಇಲ್ಲ. ನೀರು ಕಡಿಮೆಯಾದರೆ ಬೆಲೆ ಏರಲೇಬೇಕು. ನೀವು ಹೇಳುವ ಹಾಗೆ ಅದೊಂದು ಸುದ್ದಿ, ಉಳಿಸಿ ಬಳಸಿ ಅಂತ. ನಾವೂ ಉಳಿಸಿದೆವು. ಪಾತ್ರೆ ತೊಳೆದ ನೀರು ಗಿಡಕ್ಕೆ ಹೋಯಿತು.

ಆದರೆ ನನಗೆ ಒಂದು ಅನುಮಾನ ಬಂತು. ದಿನಕ್ಕೆ ಎರಡು ಲೋಡ್ ಸಾಕಾಗುತ್ತಿದ್ದ ಜಾಗದಲ್ಲಿ, ಅಷ್ಟು ಉಳಿಸಿದರೂ, ಎರಡು ಲೋಡ್ ಸಾಲುತ್ತಿರಲಿಲ್ಲ. ನಮ್ಮ ಸಂಪು ಹತ್ತಡಿ ಉದ್ದ, ಎಂಟಡಿ ಅಗಲ. ಒಂದು ಅಡಿ ನೀರು ಏರಿದರೆ ಸುಮಾರು 2,265 ಲೀಟರ್. ಆರು ಸಾವಿರ ಲೀಟರಿಗೆ ಎರಡಡಿ ಎಂಟು ಇಂಚು ಏರಬೇಕು. ಒಂದು ದಿನ ವಾಚ್‌ಮನ್ ಜೊತೆ ನಿಂತು, ಬಿದಿರು ಕೋಲಿಗೆ ಚಾಕ್‌ಪೀಸಿನಲ್ಲಿ ಗೀಟು ಹಾಕಿ, ಲೋಡ್ ಬೀಳುವ ಮೊದಲು ಒಮ್ಮೆ ಬಿದ್ದ ಮೇಲೆ ಒಮ್ಮೆ ಅಳೆದೆ. ಏರಿದ್ದು ಎರಡಡಿ ಒಂದು ಇಂಚು. ಅಂದರೆ 4,700 ಲೀಟರ್ ಚಿಲ್ಲರೆ. ಮರುದಿನವೂ ಅಷ್ಟೇ. ಅದರ ಮರುದಿನವೂ ಅಷ್ಟೇ.

ಸರಿ, ಇಂಥ ಹೊತ್ತಿಗೆ ನಿಮ್ಮ ಪುಸ್ತಕ ಏನು ಹೇಳುತ್ತದೆ? ಅಂಗಡಿ ಬದಲಾಯಿಸಿ ಅನ್ನುತ್ತದೆ. ನಾನೂ ಅದನ್ನೇ ಮಾಡಿದೆ. ಗುಂಜೂರು ರಸ್ತೆಯಲ್ಲಿ ಹೋಗುತ್ತಿದ್ದ ಇನ್ನೊಂದು ಟ್ಯಾಂಕರಿನ ಹಿಂದೆ ಬರೆದಿದ್ದ ನಂಬರಿಗೆ ಫೋನ್ ಮಾಡಿದೆ. ಬೆಲೆ ಇನ್ನೂರು ಕಡಿಮೆ ಹೇಳಿದರು. ಸಂಜೆ ಗಾಡಿ ಹೊರಟಿತು. ನಮ್ಮ ಬಡಾವಣೆಯ ಆರ್ಚ್ ಹತ್ತಿರ ಬಂದಾಗ ಎರಡು ಬೈಕು ಅಡ್ಡ ನಿಂತವು. ಜಗಳ ಇಲ್ಲ, ಬೈಗುಳ ಇಲ್ಲ. "ಇದು ಅಣ್ಣನ ಏರಿಯಾ" ಅಂದರು ಅಷ್ಟೇ. ನಾನು ಹೋಗುವಷ್ಟರಲ್ಲಿ ಡ್ರೈವರ್ ಗಾಡಿ ತಿರುಗಿಸುತ್ತಿದ್ದ. ಹಿಂದಿನ ವಾಲ್ವ್ ಸರಿಯಾಗಿ ಮುಚ್ಚಿರಲಿಲ್ಲ. ತಿರುವಿನ ಉದ್ದಕ್ಕೂ ರಸ್ತೆ ಮೇಲೆ ನೀರು ಸುರಿಯುತ್ತಾ ಹೋಯಿತು. ಅದನ್ನು ನೋಡುತ್ತಾ ನಿಂತಿದ್ದ ನನಗೆ, ಆ ಮಾರ್ಚಿನಲ್ಲಿ, ಹಾಲು ಚೆಲ್ಲಿದ ಹಾಗೆ ಹೊಟ್ಟೆ ಉರಿಯಿತು. ಡ್ರೈವರ್ ಕಿಟಕಿಯಿಂದ ತಲೆ ಹಾಕಿ ಹೇಳಿದ: "ತಪ್ಪು ತಿಳ್ಕೋಬೇಡಿ ಸಾರ್. ನಾಳೆ ಇವರ ಗಾಡಿ ನಮ್ಮ ಕಡೆ ಬಂದ್ರೆ ನಾವೂ ಹೀಗೇ ಮಾಡೋದು."

ಮರುದಿನ ಬೆಳಿಗ್ಗೆ ಅಣ್ಣ ಮನೆಗೇ ಬಂದರು. ಕಾಫಿ ಕುಡಿದರು. ಮಗಳ ಮದುವೆ ವಿಚಾರ ಕೇಳಿದರು. ಎದ್ದು ಹೋಗುವಾಗ, "ಸುಮ್ನೆ ಯಾಕೆ ಸಾರ್ ಬೇರೆಯವರಿಗೆಲ್ಲ ಫೋನ್ ಮಾಡಿ ತೊಂದರೆ ತಗೋತೀರ" ಅಂದರು. ಅದು ಬೆದರಿಕೆಯೋ ಕಾಳಜಿಯೋ ನನಗೆ ಇವತ್ತಿಗೂ ಗೊತ್ತಿಲ್ಲ.

ಆಮೇಲೆ ಲೋಡಿಗೆ ಐವತ್ತು ರೂಪಾಯಿ ಸೇರಿಕೊಂಡಿತು. ಏನಕ್ಕೆ ಅಂದರೆ, ರಸ್ತೆ ಗುಂಡಿ ಮುಚ್ಚಿಸುವುದಕ್ಕೆ. ಸುಳ್ಳು ಹೇಳಬಾರದು, ಗುಂಡಿಗೆ ಕಟ್ಟಡದ ಮಣ್ಣು ತಂದು ಹಾಕಿಸಿದರು. ಎದುರು ಬೀದಿಯಲ್ಲಿ ಎರಡು ಮನೆಯವರು ಕಾರ್ ನಿಲ್ಲಿಸುವ ಜಾಗಕ್ಕೆ ಕಿತ್ತಾಡಿದಾಗ ಪೊಲೀಸ್ ಸ್ಟೇಷನ್ನಿಗೆ ಯಾರೂ ಹೋಗಲಿಲ್ಲ. ಅಣ್ಣನ ಹತ್ತಿರ ಹೋದರು. ಅವರು ತೀರ್ಪು ಹೇಳಿದರು, ಎರಡೂ ಕಡೆಯವರು ಒಪ್ಪಿದರು. ಲೆಕ್ಕ ಹಾಕಿ ನೋಡಿ. ತೆರಿಗೆ ಬಂತು. ಗಡಿ ಬಂತು, ಗಡಿಗೆ ಕಾವಲೂ ಬಂತು. ನ್ಯಾಯಪಂಚಾಯ್ತಿ ಬಂತು. ನವೆಂಬರ್ ಒಂದಕ್ಕೆ ಆರ್ಚ್ ಮೇಲೆ ಅಣ್ಣನ ಫೋಟೋ ಇರುವ ಫ್ಲೆಕ್ಸೂ ಬಂತು. ಸರ್ಕಾರ ಇಲ್ಲದ ಜಾಗದಲ್ಲಿ ಸರ್ಕಾರ ಹುಟ್ಟುವುದನ್ನು ನಾನು ಬಾಲ್ಕನಿಯಲ್ಲಿ ಕುಳಿತು ನೋಡಿದ್ದೇನೆ.

ಅಮೆರಿಕದ ರಾಬರ್ಟ್ ನೋಜಿಕ್ ಎಂಬ ತತ್ವಜ್ಞಾನಿ 1974ರಲ್ಲಿ ಇದನ್ನೇ ವಾದ ಮಾಡಿ ತೋರಿಸಿದ. ಅವನು ಸರ್ಕಾರದ ಭಕ್ತನೇನಲ್ಲ, ನಿಮ್ಮ ಬಳಗಕ್ಕೇ ಹತ್ತಿರದವನು. ಸರ್ಕಾರವೇ ಇಲ್ಲ ಅಂತ ಶುರುಮಾಡಿ, ರಕ್ಷಣೆಯನ್ನು ಖಾಸಗಿ ಕಂಪನಿಗಳು ಮಾರಲಿ ಅಂದುಕೊಳ್ಳಿ. ಹೊಡೆದಾಡುವುದು ದುಬಾರಿ. ಹಾಗಾಗಿ ಕೊನೆಗೆ ಒಂದೊಂದು ಸೀಮೆಯಲ್ಲಿ ಒಬ್ಬನೇ ಬಲಿಷ್ಠ ಉಳಿಯುತ್ತಾನೆ. ಯಾರೂ ಬಯಸದಿದ್ದರೂ ಅದೊಂದು ಚಿಕ್ಕ ಸರ್ಕಾರ ಆಗುತ್ತದೆ. ಸರ್ಕಾರವೇ ಬೇಡ ಅನ್ನುತ್ತಿದ್ದ ಅರ್ಥಶಾಸ್ತ್ರಜ್ಞ ಮರ್ರೆ ರಾಥ್‌ಬಾರ್ಡ್ ಮತ್ತು ಅವನ ಕಡೆಯವರು ಇದನ್ನು ಒಪ್ಪಲಿಲ್ಲ. ಪೈಪೋಟಿ ಇರುವವರೆಗೆ ಒಬ್ಬನೇ ಉಳಿಯಲಾರ ಅಂದರು. ಅವರು ನಮ್ಮ ಆರ್ಚ್ ಹತ್ತಿರ ಒಂದು ಸಂಜೆ ನಿಂತಿದ್ದರೆ ಚೆನ್ನಾಗಿತ್ತು.

ನಿಮ್ಮಲ್ಲಿ ಒಬ್ಬರು ಐಸ್‌ಲ್ಯಾಂಡ್ ಕಥೆ ಹೇಳಿದಿರಿ. ಅದು ಒಳ್ಳೆಯ ಉದಾಹರಣೆಯೇ. ಕ್ರಿ.ಶ. 930ರಿಂದ 1262ರವರೆಗೆ ಅಲ್ಲಿ ರಾಜ ಇರಲಿಲ್ಲ, ಸೈನ್ಯ ಇರಲಿಲ್ಲ, ಪೊಲೀಸೂ ಇರಲಿಲ್ಲ. ಕಾನೂನು ಇತ್ತು, ಕೋರ್ಟೂ ಇತ್ತು. ತೀರ್ಪು ಜಾರಿ ಮಾಡಿಸಿಕೊಳ್ಳುವುದು ಮಾತ್ರ ಗೆದ್ದವನ ಪಾಡು. ಗೋದಿ ಎಂಬ ಮುಖ್ಯಸ್ಥರಿದ್ದರು. ರೈತ ತನಗೆ ಬೇಕಾದ ಗೋದಿಯನ್ನು ಆರಿಸಿಕೊಳ್ಳಬಹುದಿತ್ತು, ಸರಿಬರದಿದ್ದರೆ ಬಿಟ್ಟು ಇನ್ನೊಬ್ಬನ ಹತ್ತಿರ ಹೋಗಬಹುದಿತ್ತು. ಮುನ್ನೂರು ವರ್ಷ ನಡೆಯಿತು ಅಂದರೆ ಸುಮ್ನೆ ಅಲ್ಲ. ನಮ್ಮ ಗಣರಾಜ್ಯಕ್ಕೆ ಇನ್ನೂ ಅದರ ಕಾಲು ಭಾಗ ವಯಸ್ಸು. ಆದರೆ ಹದಿಮೂರನೇ ಶತಮಾನ ಬರುವಷ್ಟರಲ್ಲಿ ಆ ಮುಖ್ಯಸ್ಥರ ಗಾದಿಗಳೆಲ್ಲ ಬೆರಳೆಣಿಕೆಯ ಮನೆತನಗಳ ಕೈಗೆ ಸೇರಿದ್ದವು. ಇವರನ್ನು ಬಿಟ್ಟು ಅವರ ಹತ್ತಿರ ಹೋಗುತ್ತೇನೆ ಅಂದರೆ ಹೋಗಲು ಇನ್ನೊಬ್ಬ ಇರಲಿಲ್ಲ. ಮನೆತನಗಳು ಬಡಿದಾಡಿಕೊಂಡವು. ಸಾಕಾಗಿ ಕೊನೆಗೆ ನಾರ್ವೆಯ ರಾಜನಿಗೆ ಶರಣಾದರು. ಅವರ ಆರ್ಚಿಗೂ ಬೈಕು ಅಡ್ಡ ಬಂದಿತ್ತು ಅಂತ ನನಗೆ ಅನಿಸುತ್ತದೆ.

ಇಷ್ಟು ಹೇಳಿದೆ ಅಂತ ನಾನು ಮಾರುಕಟ್ಟೆಯ ವಿರೋಧಿ ಅಂದುಕೊಳ್ಳಬೇಡಿ. ನಿಮ್ಮ ಪ್ರಾಯದಲ್ಲಿ ನಾನು ಟೆಲಿಫೋನಿಗೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾದವನು. ಫೋನ್ ಬಂದ ದಿನ ಅಪ್ಪ ಅದಕ್ಕೆ ಅರಿಶಿನ ಕುಂಕುಮ ಹಚ್ಚಿದ್ದರು. ಲೈನ್‌ಮನ್ನಿಗೆ ಚಹಾ, ತಿಂಡಿ, ಮೇಲೊಂದಿಷ್ಟು. ಇವತ್ತು ಹೂ ಮಾರುವವರ ಕೈಯಲ್ಲೂ ಫೋನಿದೆ. ಇದು ಖಾಸಗಿ ಪೈಪೋಟಿ ಮಾಡಿದ ಕೆಲಸ, ಅನುಮಾನವೇ ಇಲ್ಲ. ಆದರೆ ಒಂದು ವಿಷಯ ಗಮನಿಸಿ. ಒಂದು ಕಾಲದಲ್ಲಿ ಕಂಪನಿ ಬದಲಾಯಿಸಿದರೆ ನಂಬರೂ ಹೋಗುತ್ತಿತ್ತು. ಅಷ್ಟು ಜನರಿಗೆ ಹೊಸ ನಂಬರ್ ಹೇಳುವುದು ಯಾರಿಗೆ ಬೇಕು ಅಂತ ಎಲ್ಲರೂ ಇದ್ದಲ್ಲೇ ಇರುತ್ತಿದ್ದರು. 2011ರ ಜನವರಿಯಲ್ಲಿ ದೇಶಕ್ಕೆಲ್ಲ ನಂಬರ್ ಪೋರ್ಟಬಿಲಿಟಿ ಬಂತು, ಅಂದರೆ ಅದೇ ನಂಬರ್ ಇಟ್ಟುಕೊಂಡು ಕಂಪನಿ ಬದಲಾಯಿಸುವ ಅವಕಾಶ. ಅದನ್ನು ಕಂಪನಿಗಳು ಪ್ರೀತಿಯಿಂದ ಕೊಟ್ಟಿದ್ದಲ್ಲ. ಕೊಡಲೇಬೇಕು ಅಂತ ನಿಯಮ ಮಾಡಿದ್ದು ಸರ್ಕಾರ ಮತ್ತು ಫೋನ್ ಕಂಪನಿಗಳ ಮೇಲೆ ಕಣ್ಣಿಡುವ ಪ್ರಾಧಿಕಾರ ಟ್ರಾಯ್. ಫೋನ್ ಕಂಪನಿ ನಡೆಸುವುದನ್ನು ಬಿಟ್ಟು, ಗಿರಾಕಿ ಬಿಟ್ಟು ಹೋಗುವ ಬಾಗಿಲನ್ನು ತೆರೆದಿಡುವ ಕೆಲಸ ಮಾತ್ರ ಮಾಡಿದರು. ಚಿಕ್ಕ ಸರ್ಕಾರ ಅಂದರೆ ನನ್ನ ತಲೆಯಲ್ಲಿ ಇರುವುದು ಇದೇ. ಟ್ಯಾಂಕರಿಗೂ ಒಂದು ಪೋರ್ಟಬಿಲಿಟಿ ಇದ್ದಿದ್ದರೆ ಅಣ್ಣನ ಲೋಡು ಎರಡಡಿ ಎಂಟು ಇಂಚು ಏರುತ್ತಿತ್ತು, ಬೆಲೆ ಎಷ್ಟೇ ಇರಲಿ.

ಆ ಮಾರ್ಚಿನಲ್ಲಿ ಸರ್ಕಾರ ಮಾಡಿದ್ದು ಬೇರೆ. ಆರು ಸಾವಿರ ಲೀಟರಿಗೆ ಐದು ಕಿಲೋಮೀಟರ್ ಒಳಗೆ ₹600, ಹತ್ತು ಕಿಲೋಮೀಟರ್ ಒಳಗೆ ₹750 ಅಂತ ಜಿಲ್ಲಾಡಳಿತ ದರ ಕಟ್ಟಿತು. ಪೇಪರಿನಲ್ಲಿ ಓದಿ ನಮ್ಮ ಅಪಾರ್ಟ್‌ಮೆಂಟಿನವರು ಸಿಹಿ ಹಂಚಿದರು. ಮರುದಿನದಿಂದ ಟ್ಯಾಂಕರೇ ಬರಲಿಲ್ಲ. ಮೂರನೇ ದಿನ ರಾತ್ರಿ ಒಂದು ಗಂಟೆಗೆ ಬಂತು, ಸಾವಿರದ ಎಂಟುನೂರಕ್ಕೇ, ಬಿಲ್ ಇಲ್ಲದೆ. ಇದರಲ್ಲಿ ನೀವು ಗೆದ್ದಿರಿ, ಒಪ್ಪಿದೆ. ಬೆಲೆಗೆ ಬೇಲಿ ಹಾಕಿದರೆ ಸರಕು ಬೇಲಿ ಹಾರಿ ಹೋಗುತ್ತದೆ.

ಹಾಗಾದರೆ ಬೇಲಿ ಎಲ್ಲಿಗೆ ಹಾಕಬೇಕಿತ್ತು? ನೆಲದ ಕೆಳಗೆ. ಇದು ನಿಮ್ಮ ಜೊತೆ ನನಗಿರುವ ನಿಜವಾದ ಜಗಳ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಅಣ್ಣ ನೀರು ತುಂಬುವ ಪಾಯಿಂಟು ನಮ್ಮಿಂದ ಒಂದೂವರೆ ಕಿಲೋಮೀಟರ್. ಯಾರದೋ ತೋಟ ಇದ್ದ ಜಾಗ. ಮೂರು ಬೋರ್ ಹಗಲೂ ರಾತ್ರಿ ಓಡುತ್ತವೆ. ಅವರ ಜಾಗ, ಅವರ ಬೋರು, ಅವರ ಮೋಟಾರು. 1882ರ ಈಸ್‌ಮೆಂಟ್ ಕಾಯ್ದೆಯ ಕಾಲದಿಂದ ನಮ್ಮಲ್ಲಿ ಇರುವ ತಿಳಿವಳಿಕೆ ಏನೆಂದರೆ, ಜಮೀನು ಯಾರದೋ ಅದರ ಕೆಳಗಿನ ನೀರು ಎತ್ತುವ ಹಕ್ಕೂ ಅವರದೇ. ಆದರೆ ನೀರಿಗೆ ಸರ್ವೆ ನಂಬರ್ ಗೊತ್ತಿಲ್ಲ. ಬೆಂಗಳೂರಿನ ಅಡಿ ಇರುವುದು ಗಟ್ಟಿ ಬಂಡೆ. ಅದರ ಬಿರುಕುಗಳಲ್ಲಿ ನೀರು ಅಲ್ಲಿಂದಿಲ್ಲಿಗೆ ಹೋಗುತ್ತದೆ. ಪಾಯಿಂಟಿನ ಪಕ್ಕದಲ್ಲಿ ಒಬ್ಬ ಅಜ್ಜಿಯ ಮನೆ ಇದೆ, ಸೊಪ್ಪು ಬೆಳೆದು ಮಾರುತ್ತಿದ್ದರು. ಅವರ ಬಾವಿ ಒಣಗಿ, ಆಮೇಲೆ ಬೋರ್ ಒಣಗಿ, ಈಗ ಅವರೂ ಅಣ್ಣನ ಹತ್ತಿರ ನೀರು ಕೊಳ್ಳುತ್ತಾರೆ. ತಮ್ಮ ಕಾಲ ಕೆಳಗಿದ್ದ ನೀರನ್ನೇ ದುಡ್ಡು ಕೊಟ್ಟು ಕೊಳ್ಳುತ್ತಾರೆ. ಯಾರೂ ಅವರ ಬೇಲಿ ದಾಟಲಿಲ್ಲ, ಯಾರೂ ಕಳ್ಳತನ ಮಾಡಲಿಲ್ಲ. ನಿಮ್ಮ ಪುಸ್ತಕದ ಪ್ರಕಾರ ಇಲ್ಲಿ ಅಪರಾಧವೇ ನಡೆದಿಲ್ಲ.

ಅದಕ್ಕೆ ನಿಮ್ಮ ಉತ್ತರ ನನಗೆ ಗೊತ್ತು. ನೀರಿಗೂ ಒಡೆತನ ಹಂಚಿ, ಇಷ್ಟು ಲೀಟರ್ ನಿನ್ನದು ಇಷ್ಟು ನನ್ನದು ಅಂತ. ಆಮೇಲೆ ಬೇಕಾದರೆ ಮಾರಿಕೊಳ್ಳಲಿ. ಚೆನ್ನಾಗಿದೆ. ಎಷ್ಟು ನೀರಿದೆ ಅಂತ ಅಳೆಯುವವರು ಯಾರು? ಯಾರ ಪಾಲು ಎಷ್ಟು ಅಂತ ಬರೆದಿಡುವ ಪುಸ್ತಕ ಯಾರ ಹತ್ತಿರ? ಅಣ್ಣ ಪಾಲು ಮೀರಿದರೆ ಅಜ್ಜಿ ಯಾವ ಬಾಗಿಲು ತಟ್ಟಬೇಕು? ಖಾಸಗಿ ಕೋರ್ಟು ಅನ್ನುತ್ತೀರಿ. ಅಣ್ಣನ ಹತ್ತಿರ ಆಗಲೇ ಒಂದು ಇದೆ. ಅಜ್ಜಿಗೆ ಅದೇ ಕೋರ್ಟಿನಲ್ಲಿ ಅಣ್ಣನ ಮೇಲೆ ಕೇಸು ಹಾಕಬೇಕಿದೆ, ಅಷ್ಟೇ ಫಜೀತಿ.

ಈ ಊರು ನೀರು ಕುಡಿದ ಚರಿತ್ರೆಯೂ ಸ್ವಲ್ಪ ನೋಡಿ. ಗುಡ್ಡದ ಮೇಲಿನ ಊರು, ಹತ್ತಿರದಲ್ಲಿ ದೊಡ್ಡ ನದಿ ಇಲ್ಲ. 1890ರ ದಶಕದಲ್ಲಿ ಹೆಸರಘಟ್ಟದಿಂದ ನೀರು ತಂದರು. 1933ರಲ್ಲಿ ತಿಪ್ಪಗೊಂಡನಹಳ್ಳಿ ಆಯಿತು. 1974ರಲ್ಲಿ ಕಾವೇರಿ ಮೊದಲ ಹಂತ. ಸುಮಾರು ನೂರು ಕಿಲೋಮೀಟರ್ ದೂರದಿಂದ, ಐನೂರು ಮೀಟರ್ ಎತ್ತರಕ್ಕೆ ನೀರು ಎತ್ತಿ ತರಬೇಕು. ದಾರಿಯಲ್ಲಿ ಸಾವಿರಾರು ಜನರ ಹೊಲ. ಒಬ್ಬೊಬ್ಬರ ಹತ್ತಿರವೂ ಕೂತು ವ್ಯವಹಾರ ಕುದುರಿಸಬೇಕು ಅಂದರೆ ಕೊನೆಯ ಹೊಲದವನು ಬಂಗಾರದ ಬೆಲೆ ಕೇಳುತ್ತಾನೆ. ನಾನಾದರೂ ಕೇಳುತ್ತಿದ್ದೆ.

ಇನ್ನೂ ಒಂದು ಮಾತು. ಸರ್ಕಾರ ಇಲ್ಲದೆಯೂ ನೀರು ಹಂಚಬಹುದು ಅನ್ನುವುದಕ್ಕೆ ನೀವು ಅಮೆರಿಕದ ಉದಾಹರಣೆ ಹುಡುಕಬೇಕಿಲ್ಲ. ನಮ್ಮ ಹಳ್ಳಿಗಳಲ್ಲೇ ನೀರುಗಂಟಿ ಇದ್ದರು. ಕೆರೆಯ ತೂಬು ಎತ್ತುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ನೋಡುವುದು ಅವರ ಕೆಲಸ. ಸುಗ್ಗಿಯಲ್ಲಿ ಕಣದಿಂದಲೇ ಅವರಿಗೆ ಕಾಳು. ಇಲಾಖೆ ಇಲ್ಲ, ಆದೇಶ ಇಲ್ಲ. ಹಂಚಿಕೊಂಡು ಬಾಳುವ ಇಂಥ ಏರ್ಪಾಡುಗಳನ್ನು ಅಭ್ಯಾಸ ಮಾಡಿದ ಎಲಿನಾರ್ ಆಸ್ಟ್ರಮ್ ಅವರಿಗೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ನನ್ನ ತಾತನ ಊರಲ್ಲಿ ನೀರುಗಂಟಿಯವರ ಮಾತಿಗೆ ಪಟೇಲರೂ ತಲೆಬಾಗುತ್ತಿದ್ದರು ಅಂತ ಅಮ್ಮ ಹೇಳುತ್ತಿದ್ದರು. ಕೇಳಲು ಹಿತವಾಗಿತ್ತು. ತುಂಬ ವರ್ಷ ಆದಮೇಲೆ ನಾನು ಕೇಳಿದೆ, ಆ ನೀರುಗಂಟಿಯವರ ಮನೆಯವರು ಕುಡಿಯುವ ನೀರು ಎಲ್ಲಿಂದ ತರುತ್ತಿದ್ದರು ಅಂತ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವರಿಗೆ ಬೇರೆ ಗುಂಡಿ ಇತ್ತು" ಅಂದರು. ಊರ ಕೆರೆಯ ನೀರನ್ನೆಲ್ಲ ಹಂಚುವವರಿಗೆ ಊರ ಬಾವಿ ಇರಲಿಲ್ಲ.

ಮಹಾರಾಷ್ಟ್ರದ ಮಹಾಡ್ ಊರು ಗೊತ್ತಲ್ಲ? 1923ರಲ್ಲಿ ಬಾಂಬೆ ಶಾಸನಸಭೆ ಸಾರ್ವಜನಿಕ ಕೆರೆ ಬಾವಿಗಳು ಎಲ್ಲರಿಗೂ ಅಂತ ನಿರ್ಣಯ ಮಾಡಿತು. ಮರುವರ್ಷ ಮಹಾಡ್ ಪುರಸಭೆ ಚವದಾರ್ ಕೆರೆಯನ್ನು ದಲಿತರಿಗೂ ತೆರೆಯಿತು. ಕಾಗದದ ಮೇಲೆ. 1927ರ ಮಾರ್ಚ್ 20ರಂದು ಅಂಬೇಡ್ಕರ್ ಸಾವಿರಾರು ಜನರ ಜೊತೆ ನಡೆದುಹೋಗಿ ಬೊಗಸೆಯಲ್ಲಿ ಆ ನೀರು ಕುಡಿದರು. ಅವರ ಮೇಲೆ ಹಲ್ಲೆ ಆಯಿತು. ಕೆರೆಗೆ ಶುದ್ಧಿ ಮಾಡಿದರು. ಆಮೇಲೆ ಮೇಲ್ಜಾತಿಯವರು ಕೋರ್ಟಿಗೆ ಹೋದರು. ಅವರ ವಾದ ಏನು ಗೊತ್ತಾ? ಇದು ಖಾಸಗಿ ಸ್ವತ್ತಿನಂಥ ಕೆರೆ, ನಮಗೆ ಮಾತ್ರ ಸೇರಿದ್ದು. ಆ ವಾದ ಬಿದ್ದುಹೋಗಿ ಹೈಕೋರ್ಟಿನಲ್ಲಿ ಪ್ರಕರಣ ಮುಗಿಯಲು 1937 ಬರಬೇಕಾಯಿತು. ಸರ್ಕಾರದ ನಿರ್ಣಯ ಒಂದರಿಂದಲೇ ಬಾಗಿಲು ತೆರೆಯಲಿಲ್ಲ ಅನ್ನುವುದು ಸರಿ. ಕೋರ್ಟು ಮೊದಲು ಅಂಬೇಡ್ಕರ್ ಅವರಿಗೇ ತಡೆ ಹಾಕಿತ್ತು ಅನ್ನುವುದೂ ಸರಿ. ಆದರೆ ಆ ನಿರ್ಣಯ, ಆ ಕೋರ್ಟು, ಎರಡೂ ಇಲ್ಲದ ಊರಲ್ಲಿ ಅವರು ಯಾವ ಕಾಗದ ಹಿಡಿದು ವಾದ ಮಾಡಬೇಕಿತ್ತು? ಎಲ್ಲರೂ ತಮ್ಮಿಷ್ಟದಂತೆ ವ್ಯವಹಾರ ಮಾಡಲಿ ಅನ್ನುವಾಗ, ನಿಮ್ಮ ಜೊತೆ ವ್ಯವಹಾರವೇ ಬೇಡ ಅಂತ ಊರಿಗೆ ಊರೇ ತೀರ್ಮಾನ ಮಾಡಿದವರ ನೆನಪು ನನಗೆ ಬರುತ್ತದೆ. ನಿಮಗೆ ಬರದಿದ್ದರೆ ಅದು ನಿಮ್ಮ ತಪ್ಪಲ್ಲ. ನಮ್ಮಂಥ ಮನೆಗಳಲ್ಲಿ ಆ ಕಥೆ ಯಾರೂ ಹೇಳುವುದಿಲ್ಲ.

ನಿಮ್ಮ ಮೆಚ್ಚಿನ ಹಾವಿಯೆರ್ ಮಿಲೇ ಅವರನ್ನೇ ನೋಡಿ. 2023ರ ಡಿಸೆಂಬರಿನಲ್ಲಿ ಅರ್ಜೆಂಟೀನಾದ ಅಧ್ಯಕ್ಷರಾದರು. ತನ್ನ ನಾಯಿಗೆ ರಾಥ್‌ಬಾರ್ಡ್ ನೆನಪಿಗೆ ಮರ್ರೆ ಅಂತ ಹೆಸರಿಟ್ಟ ಮನುಷ್ಯ. ಅವರೇ ಹೇಳುವುದು, ತತ್ವದಲ್ಲಿ ನಾನು ಸರ್ಕಾರ ಬೇಡ ಎನ್ನುವವನು, ಆಚರಣೆಯಲ್ಲಿ ಚಿಕ್ಕ ಸರ್ಕಾರದವನು ಅಂತ. ಖಾತೆಗಳನ್ನು ಅರ್ಧಕ್ಕೆ ಇಳಿಸಿದರು. ಆದರೆ ಕೋರ್ಟನ್ನೋ ಪೊಲೀಸರನ್ನೋ ಹರಾಜು ಹಾಕಲಿಲ್ಲ.

ಈಗ ನನ್ನ ಕಡೆಯ ಕೊಳೆಯನ್ನೂ ತೋರಿಸಿಬಿಡುತ್ತೇನೆ. ಈ ಪತ್ರದ ಒಂದು ಪ್ರತಿ ವಿಧಾನಸೌಧಕ್ಕೂ ಹೋಗಲಿ. "ಸರ್ಕಾರದ ಕೆಲಸ ದೇವರ ಕೆಲಸ" ಅಂತ ಅಲ್ಲಿ ಕಲ್ಲಿನಲ್ಲಿ ಕೆತ್ತಿದ್ದಾರೆ. ನೀವು ಕಾಯಿಸುವಷ್ಟು ದೇವರೂ ಕಾಯಿಸುವುದಿಲ್ಲ ಸ್ವಾಮಿ. 2007ರಲ್ಲಿ ನಮ್ಮನ್ನು ಊರಿಗೆ ಸೇರಿಸಿಕೊಂಡಿರಿ, ನಮ್ಮ ಹಳ್ಳಿಗಳಿಗಾಗಿ ದಿನಕ್ಕೆ 77.5 ಕೋಟಿ ಲೀಟರಿನ ಕಾವೇರಿ ಐದನೇ ಹಂತ ಉದ್ಘಾಟನೆ ಆಗಿದ್ದು 2024ರ ಅಕ್ಟೋಬರ್ 16ಕ್ಕೆ. ನಡುವಿನ ಹದಿನೇಳು ವರ್ಷ ಅಣ್ಣನನ್ನು ಬೆಳೆಸಿದ್ದು ನೀವೇ. ಅಂತರ್ಜಲಕ್ಕೆ 2011ರಲ್ಲೇ ಕಾಯ್ದೆ ಮಾಡಿದಿರಿ, ಬೋರ್‌ವೆಲ್ ಎಣಿಸಲು ಮಾತ್ರ ನಿಮಗೆ ಜನ ಇಲ್ಲ. ತಳ್ಳುಗಾಡಿಯವರ ಗಾಡಿ ಎತ್ತಿಕೊಂಡು ಹೋಗಲು ಲಾರಿ ಇದೆ. ಅಂಗಡಿಯ ತಕ್ಕಡಿಗೆ ಮುದ್ರೆ ಒತ್ತುವ ಇಲಾಖೆ ಇದೆ, ಅದು ಒಳ್ಳೆಯದೇ, ಟ್ಯಾಂಕರಿಗೂ ಒಂದು ಮುದ್ರೆ ಒತ್ತಿದ್ದರೆ ನಾನು ಬಿದಿರು ಕೋಲು ಹಿಡಿದು ಸಂಪಿಗೆ ಇಳಿಯಬೇಕಿರಲಿಲ್ಲ. ಬೆಳ್ಳಂದೂರು ಕೆರೆಗೆ 2017ರಲ್ಲಿ ಬೆಂಕಿ ಬಿತ್ತು, ನಮ್ಮ ವರ್ತೂರು ಕೆರೆಯ ನೊರೆ ರಸ್ತೆಗೆ ಹಾರಿ ಬಂದು ಸ್ಕೂಟರ್ ಮೇಲೆ ಕೂತಿತು. ಆ ಕೊಳಚೆಯಲ್ಲಿ ಬಹುಪಾಲು ಊರಿನ ಚರಂಡಿಯದೇ, ಅಂದರೆ ನಿಮ್ಮ ಜವಾಬ್ದಾರಿಯದೇ. ಕೆರೆಗೆ ಒಬ್ಬ ಖಾಸಗಿ ಮಾಲೀಕ ಇದ್ದಿದ್ದರೆ ಹೀಗೆ ಬಿಡುತ್ತಿದ್ದನೇ ಅಂತ ಈ ಹುಡುಗರು ಕೇಳಿದರೆ ನನ್ನ ಬಾಯಿ ಕಟ್ಟುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದರೆ ಬೇಲಿ ಕೀಳಿ ಅನ್ನುವವರು ಹುಟ್ಟದೆ ಇನ್ನೇನು?

ಎಲ್ಲಕ್ಕಿಂತ ನಾಚಿಕೆಯದು ಇನ್ನೊಂದಿದೆ. ಅಣ್ಣನಿಗೂ ನಿಮಗೂ ವ್ಯತ್ಯಾಸ ಏನು ಅಂದರೆ, ನಿಮ್ಮನ್ನು ಇಳಿಸಬಹುದು ಅಂತ ನಾನು ಹೇಳಬೇಕು. ಅದೇ ನನ್ನ ಕೈಯಲ್ಲಿರುವ ಒಂದೇ ಒಂದು ಎಕ್ಕ. ಆದರೆ ನಾನು ಕಾರ್ಪೊರೇಟರಿಗೆ ವೋಟು ಹಾಕಿದ್ದು 2015ರಲ್ಲಿ. 2020ರ ಸೆಪ್ಟೆಂಬರಿನಲ್ಲಿ ಅವರ ಅವಧಿ ಮುಗಿಯಿತು, ಚುನಾವಣೆ ಮಾಡಲಿಲ್ಲ. ಆ ಬರದ ಮಾರ್ಚಿನಲ್ಲಿ ನಮ್ಮ ವಾರ್ಡಿಗೆ ಕಾರ್ಪೊರೇಟರ್ ಅನ್ನುವವರೇ ಇರಲಿಲ್ಲ. ಅಣ್ಣನಾದರೂ ಕಾಫಿಗೆ ಬಂದರು.

ಗೆಳೆಯರೇ, ಇಷ್ಟಾದರೂ ನಾನು ಚಿಕ್ಕ ಸರ್ಕಾರದ ಕಡೆಯೇ ಯಾಕೆ ಅಂತ ಕೇಳುತ್ತೀರಿ. ಆ ಏಪ್ರಿಲಿನಲ್ಲಿ ನಾನು ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ ಹಾಕಿದೆ. ಹತ್ತು ರೂಪಾಯಿ. ನಮ್ಮ ರಸ್ತೆಗೆ ಕಾವೇರಿ ಕೊಳವೆ ಹಾಕುವ ಕೆಲಸ ಎಲ್ಲಿಗೆ ಬಂದಿದೆ ಅಂತ. ಉತ್ತರ ತಡವಾಯಿತು, ಬಂದಾಗ ಅರ್ಧಂಬರ್ಧ ಇತ್ತು, ಮೇಲ್ಮನವಿ ಹಾಕಿದೆ. ಕೊನೆಗೆ ಎರಡು ಪುಟ ಬಂತು, ಯಾವ ತಿಂಗಳಿಗೆ ಯಾವ ಬೀದಿ ಅಂತ. ನಾನು ಯಾರು, ಯಾಕೆ ಕೇಳುತ್ತಿದ್ದೇನೆ ಅಂತ ಅವರು ಕೇಳುವ ಹಾಗಿರಲಿಲ್ಲ. ಅದೇ ವಾರ ಅಣ್ಣನಿಗೂ ಒಂದು ಪ್ರಶ್ನೆ ಕೇಳಿದ್ದೆ, ಪಾಯಿಂಟಿನಿಂದ ದಿನಕ್ಕೆ ಎಷ್ಟು ಲೋಡ್ ಎತ್ತುತ್ತೀರಿ ಅಂತ. ಅವರು ನಕ್ಕು, "ಅದೆಲ್ಲ ನಿಮಗ್ಯಾಕೆ ಸಾರ್" ಅಂದರು. ಅವರು ಹೇಳಿದ್ದರಲ್ಲಿ ತಪ್ಪೂ ಇಲ್ಲ. ಅವರ ವ್ಯಾಪಾರ, ಅವರ ಗುಟ್ಟು.

ನಮ್ಮ ಗೇಟಿನ ಎದುರು ಖಾಲಿ ಸೈಟಿನಲ್ಲಿ ಶೀಟಿನ ಶೆಡ್ಡುಗಳಿವೆ. ಯಾದಗಿರಿ, ರಾಯಚೂರು ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರು. ಆ ಬೇಸಿಗೆಯಲ್ಲಿ ನಮ್ಮಲ್ಲಿ ಹಲವರು ಲ್ಯಾಪ್‌ಟಾಪ್ ಎತ್ತಿಕೊಂಡು ಊರಿಗೆ ಹೋದರು, ಅಲ್ಲಿಂದಲೇ ಕೆಲಸ. ಸರಿಬರದಿದ್ದರೆ ಬಿಟ್ಟು ಹೋಗಿ ಅನ್ನುವ ನಿಮ್ಮ ಸೂತ್ರ ನಮಗೆ ಕೆಲಸ ಮಾಡಿತು. ಶೆಡ್ಡಿನವರು ಹೋಗುವುದು ಎಲ್ಲಿಗೆ? ಅವರು ಬಂದಿದ್ದೇ ಬಿಟ್ಟು. ಐದು ರೂಪಾಯಿ ನಾಣ್ಯ ಹಾಕಿದರೆ ಇಪ್ಪತ್ತು ಲೀಟರ್ ಕೊಡುವ ಶುದ್ಧ ನೀರಿನ ಘಟಕದ ಮುಂದೆ ಬೆಳಿಗ್ಗೆ ಐದಕ್ಕೆ ಕ್ಯಾನು ಸಾಲಿಗಿಟ್ಟು ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತಿರುತ್ತಿದ್ದರು. ಒಬ್ಬರಿಗೆ ಒಂದೇ ಕ್ಯಾನು. ಎರಡು ಬೇಕೆಂದು ಒಬ್ಬಾಕೆ ಏಳು ವರ್ಷದ ಮಗನನ್ನೂ ಎಬ್ಬಿಸಿಕೊಂಡು ಬರುತ್ತಿದ್ದರು, ಅವನ ಹೆಸರಿಗೆ ಇನ್ನೊಂದು. ಅವನು ಕ್ಯಾನಿನ ಮೇಲೇ ತಲೆಯಿಟ್ಟು ನಿದ್ದೆ ಮಾಡುತ್ತಿದ್ದ. ಆ ಘಟಕ ಕೆಟ್ಟು ನಿಂತ ದಿನ ಅವರು ಅಣ್ಣನ ಟ್ಯಾಂಕರಿನ ಹಿಂದಿನ ಪೈಪಿಗೆ ಬಿಂದಿಗೆ ಹಿಡಿದರು, ಬಿಂದಿಗೆಗೆ ಹತ್ತು ರೂಪಾಯಿ. ಹದಿನೈದು ಲೀಟರಿಗೆ ಹತ್ತು ಅಂದರೆ ಲೋಡಿನ ಲೆಕ್ಕದಲ್ಲಿ ಎಷ್ಟಾಯಿತು ಅಂತ ನೀವೇ ಗುಣಿಸಿ ನೋಡಿ.

ಈಗ ನಮಗೆ ಕಾವೇರಿ ಬಂದಿದೆ. ವಾರಕ್ಕೆ ಮೂರು ದಿನ. ಮೀಟರ್ ಇದೆ, ಬಿಲ್ ಬರುತ್ತದೆ, ಬಿಲ್ಲಿನಲ್ಲಿ ತಪ್ಪು ಇರುತ್ತದೆ, ತಪ್ಪು ತೋರಿಸಿದರೆ ಸರಿ ಮಾಡಲು ಎರಡು ತಿಂಗಳು ಬೇಕು. ಉಳಿದ ದಿನಕ್ಕೆ ಟ್ಯಾಂಕರೇ. ಲೋಡು ಈಗ ಎರಡಡಿ ಆರು ಇಂಚು ಏರುತ್ತದೆ.

ಹೋದ ಭಾನುವಾರ ಅಣ್ಣ ಮತ್ತೆ ಮನೆಗೆ ಬಂದಿದ್ದರು. ಈ ಸಲ ಕಾಫಿ ಬೇಡ ಅಂದರು. ಮುಖ ಬಾಡಿತ್ತು. ಹೊಸಕೋಟೆ ಕಡೆಯ ಒಬ್ಬರು ಇಪ್ಪತ್ತು ಗಾಡಿ ಇಟ್ಟುಕೊಂಡು ಈ ಕಡೆಗೆ ಇಳಿದಿದ್ದಾರಂತೆ. ಮೊನ್ನೆ ಅಣ್ಣನ ಎರಡು ಗಾಡಿಗೆ ನಮ್ಮ ಆರ್ಚ್ ಹತ್ತಿರವೇ ಅಡ್ಡ ನಿಂತು ಕೀ ಕಿತ್ತುಕೊಂಡರಂತೆ. "ನೀವು ಓದಿದವರು ಸಾರ್, ಒಂದು ಅರ್ಜಿ ಬರೆದುಕೊಡಿ" ಅಂದರು. ಯಾರಿಗೆ ಅಂತ ಕೇಳಿದೆ. ಸ್ಟೇಷನ್ನಿಗೆ ಒಂದು, ಡಿಸಿ ಆಫೀಸಿಗೆ ಒಂದು ಅಂದರು. ಬಿಳಿ ಹಾಳೆ ತೆಗೆದು "ಇವರಿಗೆ" ಬರೆದೆ, ವಿಷಯ ಬರೆದೆ. "ಇವರಿಂದ" ಅನ್ನುವ ಕಡೆ ಅವರ ಹೆಸರು ಹಾಕಲು ಹೋದರೆ ಕೈ ಹಿಡಿದುಕೊಂಡರು.

"ಹೆಸರು ಬೇಡ ಸಾರ್. ನೊಂದ ನಾಗರಿಕರು ಅಂತ ಹಾಕಿ."

ಇಂತಿ,
ನಿಮ್ಮ ಸ್ನೇಹಿತನ ಮಾವ,
ವರ್ತೂರು ಕಡೆಯಿಂದ